ಏಳನೇ ಹಾಡು ಮತ್ತು ಒಂದು ಲೋಟ ಮಜ್ಜಿಗೆ

ಕಾಫಿ ಬೆಳೆಯುವ ಊರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟವನಿಗೆ ಧೈರ್ಯ ಇರಬೇಕು, ಇಲ್ಲವೇ ಮೂಗು ಇರಬೇಕು. ಮೂಡಿಗೆರೆಯ ರೇವಣ್ಣನಿಗೆ ಅಂಗಡಿ ಇಟ್ಟಾಗ ಮೂಗಿತ್ತು. ಆಮೇಲೆ ಬರೀ ಧೈರ್ಯ ಉಳಿಯಿತು.

ಬಸ್ ಸ್ಟ್ಯಾಂಡಿನಿಂದ ಇಳಿಯುವ ರಸ್ತೆಯಲ್ಲಿ ಎಡಗಡೆಗೆ ಅವನ ಅಂಗಡಿ. ಮುಂದೆ ಕೌಂಟರು, ಪುಡಿ ಮಾಡುವ ಮಿಷನ್ನು. ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವ ಡ್ರಮ್ಮು. ಅದರ ಹಿಂದಿನ ಬಾಗಿಲು ತೆರೆದರೆ ಮನೆಯ ಅಡುಗೆಕೋಣೆ. ಡ್ರಮ್ಮು ತಿರುಗುವಾಗಲೆಲ್ಲ ಒಳಗಿನಿಂದ ಬ್ಯಾಂಡಿನ ಸದ್ದು ಬರುತ್ತದೆ. ಮದುವೆ ಬ್ಯಾಂಡಲ್ಲ. ಹದಿನಾರು ಹದಿನೇಳು ಮಂದಿ ಕೋಟು ತೊಟ್ಟು ಸಾಲಾಗಿ ಕೂತು ಊದುವ ಇಂಗ್ಲಿಷಿನವರ ಬ್ಯಾಂಡು, ಎಂಬತ್ತು ವರ್ಷ ಹಿಂದಿನದು. ಹೊಸ ಗಿರಾಕಿಗಳು ಒಮ್ಮೆ ಒಳಗೆ ಇಣುಕಿ ನೋಡುತ್ತಾರೆ. ಹಳಬರು ಅರ್ಧ ಕೆಜಿ ಕಟ್ಟಿಸಿಕೊಂಡು ಹೋಗುತ್ತಾರೆ.

ಈ ಬ್ಯಾಂಡು ರೇವಣ್ಣನಿಗೆ ಗಂಟುಬಿದ್ದದ್ದು ಜೀಪಿನಲ್ಲಿ. ಕೊಟ್ಟಿಗೆಹಾರದ ಹತ್ತಿರ ತೋಟ ಇರುವ ಪರಮೇಶ್ವರಪ್ಪನವರಿಗೆ ಅವನು ಹತ್ತೊಂಬತ್ತು ವರ್ಷ ಡ್ರೈವರಾಗಿದ್ದ. ಪರಮೇಶ್ವರಪ್ಪನವರು ಹರೆಯದಲ್ಲಿ ಪ್ಲಾಂಟರ್‌ಗಳ ಕ್ಲಬ್ಬಿನ ಹಲಗೆ ನೆಲದ ಮೇಲೆ ಕುಣಿದವರು. ಐವತ್ತು ದಾಟುವ ಹೊತ್ತಿಗೆ ಮಂಡಿ ಕೈಕೊಟ್ಟಿತು, ಜೊತೆಗೆ ಕುಣಿಯುತ್ತಿದ್ದ ಹೆಂಡತಿಯೂ ತೀರಿಕೊಂಡರು. ಉಳಿದದ್ದು ಕಿವಿ ಒಂದೇ. ಬೆಂಗಳೂರಿನಿಂದ ಮೂರು ಸಿ.ಡಿ. ತರಿಸಿ, ಜೀಪಿಗೆ ಪ್ಲೇಯರ್ ಕೂರಿಸಿ, ಹೋಗುವಾಗಲೂ ಬರುವಾಗಲೂ ಅದನ್ನೇ ಹಾಕಿಸುತ್ತಿದ್ದರು.

ಮೊದಲ ವರ್ಷ ರೇವಣ್ಣನಿಗೆ ಅದು ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದ ಹಾಗೆ ಕೇಳಿಸುತ್ತಿತ್ತು. ಸಂಬಳ ಕೊಡುವವರ ಹಾಡು, ಸಹಿಸಿಕೊಂಡ. ಎರಡನೇ ವರ್ಷ ಒಂದು ದಿನ, ಒಂದು ಸಾಲಿನವರು ಊದಿ ನಿಲ್ಲಿಸಿದ್ದಕ್ಕೆ ಇನ್ನೊಂದು ಸಾಲಿನವರು ಉತ್ತರ ಕೊಡುತ್ತಿದ್ದಾರೆ ಎಂದು ಅವನ ಗಮನಕ್ಕೆ ಬಂತು. ಸೋಬಾನೆಯಲ್ಲಿ ಹೆಣ್ಣಿನ ಕಡೆಯವರು ಹೇಳಿದ್ದಕ್ಕೆ ಗಂಡಿನ ಕಡೆಯವರು ತಿರುಗಿ ಹೇಳುವುದಿಲ್ಲವೇ, ಅದೇ ಲೆಕ್ಕ. ಆಮೇಲೆ ಅವನಿಗೆ ಅದು ಬೇಕೆನಿಸತೊಡಗಿತು. ಪರಮೇಶ್ವರಪ್ಪನವರು ಹಿಂದಿನ ಸೀಟಿನಲ್ಲಿ ತೂಕಡಿಸಿದರೂ ಅವನು ಸದ್ದು ತಗ್ಗಿಸುತ್ತಿರಲಿಲ್ಲ.

ಇಂಗ್ಲಿಷ್ ಹೆಸರುಗಳು ಅವನ ಬಾಯಿಗೆ ಹತ್ತಲಿಲ್ಲ. ಮೂಡಿಗೆರೆಯಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಯಾವ ಹಾಡು ಎಲ್ಲಿ ಬರುತ್ತದೋ ಅದೇ ಅದರ ಹೆಸರಾಯಿತು. ಒಂದನೆಯದು ಪೆಟ್ರೋಲ್ ಬಂಕು, ಎರಡನೆಯದು ಮೋರಿ, ನಾಲ್ಕನೆಯದು ಆನೆ ಬೋರ್ಡು. ಏಳನೆಯದು ಬಣಕಲ್.

“ಇದು ವಾಲ್ಟ್ಸ್ ಮಾರಾಯ,” ಎಂದಿದ್ದರು ಒಮ್ಮೆ ಪರಮೇಶ್ವರಪ್ಪ. “ಒಂದು ಎರಡು ಮೂರು, ಒಂದು ಎರಡು ಮೂರು. ಕುಣಿಯೋರಿಗೆ ಅಂತ್ಲೇ ಬಾರ್ಸಿದ್ದು. ತಾಳ ಒಂದು ಕೂದಲಷ್ಟೂ ಆಚೀಚೆ ಆಗಲ್ಲ.”

“ಹೌದು ಸಾವ್ಕಾರ್ರೇ,” ಎಂದ ರೇವಣ್ಣ. “ಬಣಕಲ್ಲಿಂದು.”

ಮುಂದೆ ಪರಮೇಶ್ವರಪ್ಪನವರು ಜೀಪು ಮಾರಿದರು. ಪ್ಲೇಯರನ್ನೂ ಮೂರು ಸಿ.ಡಿ.ಗಳನ್ನೂ ರೇವಣ್ಣನಿಗೆ ಕೊಟ್ಟರು. ಬಂಗಲೆಯಲ್ಲಿ ಮನೆಬಳಕೆಗೆ ಬೀಜ ಹುರಿಯುತ್ತಿದ್ದವನೂ ಅವನೇ, ಕೈ ಚೆನ್ನಾಗಿತ್ತು. ತೋಟದ ಮೂಲೆಯಲ್ಲಿದ್ದ ಹಳೆಯ ಡ್ರಮ್ಮನ್ನು ರಿಪೇರಿ ಮಾಡಿಸಿಕೊಂಡು ಅಂಗಡಿ ತೆರೆದ. ಹುರಿಯುವಾಗ ಬ್ಯಾಂಡು ಹಾಕಿಕೊಂಡ. ಎಂಟೊಂಬತ್ತು ವರ್ಷ ಬಹಳ ಸುಖವಾಗಿ ನಡೆಯಿತು, ಸುಖವಾಗಿ ನಡೆದದ್ದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇರುವುದಿಲ್ಲ.

ಬೀಜ ಹುರಿಯುವುದು ಕಣ್ಣಿನ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಬಣ್ಣ ಕಣ್ಣಿಗೆ ಕಾಣುತ್ತದೆ, ನಿಜ. ಬೀಜ ಚಟಪಟ ಸಿಡಿಯುವುದು ಕಿವಿಗೂ ಕೇಳುತ್ತದೆ, ಪುಡಿ ಮಿಷನ್ನು ನಿಂತಿದ್ದರೆ. ಆದರೆ ಕೊನೆಯ ಅರ್ಧ ನಿಮಿಷವನ್ನು ತೀರ್ಮಾನಿಸುವುದು ಮೂಗು. ಅರ್ಧ ನಿಮಿಷ ಮುಂಚೆ ಸುರಿದರೆ ಹಸಿ, ಅರ್ಧ ನಿಮಿಷ ತಡವಾದರೆ ಇದ್ದಿಲು. ರೇವಣ್ಣ ಸರಿಯಾದ ಗಳಿಗೆಯಲ್ಲಿ ಡ್ರಮ್ಮಿನ ಹಿಡಿ ಎಳೆದು ಬೀಜ ಸುರಿಯುತ್ತಿದ್ದ. ತಣ್ಣಗಾದ ಮೇಲೆ ಒಂದು ಮುಷ್ಟಿ ಎತ್ತಿ, ಮೂಗಿಗೆ ಹಿಡಿದು, ಗಿರಾಕಿಯ ಎದುರು ತಲೆ ಆಡಿಸುತ್ತಿದ್ದ. ಆ ತಲೆ ಆಡಿಸುವುದನ್ನು ನೋಡಿಯೇ ಕೆಲವರು ಬರುತ್ತಿದ್ದರು.

ಕೊರೋನಾದ ಎರಡನೇ ವರ್ಷ ಅವನಿಗೆ ನಾಲ್ಕು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನು ಕರೆದುಕೊಂಡು ಹೋಯಿತು. ಎಲ್ಲರಿಗೂ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂತು, ಅವನಿಗೆ ಬರಲಿಲ್ಲ. ಒಗ್ಗರಣೆ, ಊದುಬತ್ತಿ, ಸೀಮೆಎಣ್ಣೆ ಎಲ್ಲ ಒಂದೇ. ಕಾಫಿ ಕುಡಿದರೆ ಬಿಸಿ ಮತ್ತು ಕಹಿ, ಅಷ್ಟೇ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಹೆಂಡತಿ ಸುಕನ್ಯಾಗೂ ಹೇಳಲಿಲ್ಲ. ಮೂಗಿಲ್ಲದವನ ಹತ್ತಿರ ಕಾಫಿಪುಡಿ ಯಾರು ತೆಗೆದುಕೊಳ್ಳುತ್ತಾರೆ? ಅಂಗಡಿ ಹೋದರೆ ಐವತ್ತನಾಲ್ಕನೇ ವಯಸ್ಸಿನಲ್ಲಿ ಮತ್ತೆ ಯಾರ ಜೀಪು ಓಡಿಸುವುದು? ಅವನಿಗೆ ನಿಜವಾಗಿಯೂ ಭಯವಾಗಿತ್ತು.

ಜ್ವರ ಬಿಟ್ಟ ಮೇಲೆ ಮೊದಲ ಸಲ ಡ್ರಮ್ಮು ಹಚ್ಚಿದಾಗ ಧೈರ್ಯಕ್ಕೆಂದು ಬ್ಯಾಂಡು ಹಾಕಿದ. ಏಳನೇ ಹಾಡು ಶುರುವಾಗುತ್ತಲೇ ಕೈ ತಾನಾಗಿ ಹಿಡಿಯ ಮೇಲೆ ಹೋಯಿತು. ಎಳೆದ. ಬೀಜ ಸರಿಯಾಗಿತ್ತು. ಇಷ್ಟು ವರ್ಷ ಮೂಗು ನೋಡಿಕೊಳ್ಳುತ್ತಿದೆ ಎಂದು ತಿಳಿದದ್ದನ್ನು ಕೈ ಹಾಡಿನ ಜೊತೆಗೆ ಬಾಯಿಪಾಠ ಮಾಡಿಕೊಂಡಿತ್ತು. ಡ್ರಮ್ಮಿಗೆ ಅದೇ ಹದಿನೈದು ಕೆಜಿ, ಗ್ಯಾಸು ಅದೇ ಉರಿ, ಬ್ಯಾಂಡು ಅದೇ ತಾಳ. ಬೇಸಿಗೆಯಲ್ಲಿ ಬಣಕಲ್ ಶುರುವಾದ ಕೂಡಲೇ ಸುರಿಯಬೇಕು. ಮಳೆಗಾಲದಲ್ಲಿ ಬೀಜ ಸ್ವಲ್ಪ ತೇವ ಎಳೆದಿರುತ್ತದೆ, ಆಗ ಬಣಕಲ್ ಅರ್ಧ ಆಗಲಿ ಎಂದು ಬಿಡಬೇಕು. ಗಡಿಯಾರ ಯಾಕೆ ಬೇಡ ಎಂದರೆ, ಗಡಿಯಾರ ನೋಡಿ ಹುರಿಯುವವನನ್ನು ಕಂಡರೆ ಗಿರಾಕಿ ಯಾಕಪ್ಪಾ ಎಂದು ಕೇಳುತ್ತಾನೆ. ಹಾಡು ಕೇಳುತ್ತಾ ಹುರಿಯುವವನನ್ನು ಯಾರೂ ಏನೂ ಕೇಳುವುದಿಲ್ಲ.

ಮುಷ್ಟಿ ಎತ್ತಿ ಮೂಸಿ ತಲೆ ಆಡಿಸುವುದನ್ನೂ ಅವನು ಬಿಡಲಿಲ್ಲ.

ಹೀಗೆ ನಾಲ್ಕು ವರ್ಷ ನಡೆಯಿತು. ಮರ್ಯಾದೆ ಉಳಿಯಿತು, ಆದರೆ ಹಾಡು ಹೋಯಿತು. ಮೊದಲೆಲ್ಲ ಯಾವ ಸಾಲಿನವರು ಏನು ಹೇಳಿದರು, ಯಾರು ತಡವಾಗಿ ಒಳಗೆ ಬಂದರು ಎಂದು ಕೇಳುತ್ತಿದ್ದವನಿಗೆ ಈಗ ನಾಲ್ಕಾಯಿತು, ಐದಾಯಿತು ಎನ್ನುವುದಷ್ಟೇ ಕೇಳಿಸುತ್ತಿತ್ತು. ಉಳಿದೆರಡು ಸಿ.ಡಿ.ಗಳಿಗೆ ಧೂಳು ಹಿಡಿಯಿತು, ಅವುಗಳಲ್ಲಿ ಲೆಕ್ಕ ಕೂಡುತ್ತಿರಲಿಲ್ಲ. ಇದರಿಂದ ಅವನಿಗೆ ಬೇಜಾರಿತ್ತು. ಬೇಜಾರಾದಾಗ, ಸುಕನ್ಯಾಗಾದರೂ ಹಾಡಿನ ರುಚಿ ಹತ್ತಿತಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದ. ಯಾಕೆಂದರೆ ಬಣಕಲ್ ಬರುವ ಹೊತ್ತಿಗೆ ಅವಳು ಅಡುಗೆಕೋಣೆಯ ಬಾಗಿಲು ತೆರೆದು ಒಂದು ಲೋಟ ಮಜ್ಜಿಗೆ ಹಿಡಿದು ಬಂದೇ ಬರುತ್ತಿದ್ದಳು. ಅದೇ ದಿನ ಎರಡನೇ ಸಲ ಡ್ರಮ್ಮು ಹಚ್ಚಿದರೆ ಉಪ್ಪು ಮುಗಿದಿದೆ ಎಂದು ಹೇಳುವುದಕ್ಕೋ, ಸೌತೆಕಾಯಿ ತರಬೇಕು ಎನ್ನುವುದಕ್ಕೋ ಬರುತ್ತಿದ್ದಳು. ಆ ನಿಧಾನದ ಹಾಡು ಅವಳಿಗೆ ಇಷ್ಟ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ರೇವಣ್ಣ ತೀರ್ಮಾನಿಸಿದ್ದ.

ಕಳೆದ ದಸರಾದಲ್ಲಿ ಆಯುಧಪೂಜೆಯನ್ನು ಸುಕನ್ಯಾ ಎಂದಿನಂತೆ ಮಾಡಿದಳು. ಡ್ರಮ್ಮಿಗೆ, ಮಿಷನ್ನಿಗೆ, ತಕ್ಕಡಿಗೆ, ಜರಡಿಗೆ, ಸ್ಕೂಟರಿಗೆ ವಿಭೂತಿ, ಕುಂಕುಮ, ಸೇವಂತಿಗೆ. ಬಾಗಿಲಿಗೆ ಬೂದುಗುಂಬಳ ಒಡೆದದ್ದಾಯಿತು. ಮರುದಿನ ವಿಜಯದಶಮಿ. ಅವಳ ಅಕ್ಕನ ಮೊಮ್ಮಗುವಿಗೆ ಕಳಸದಲ್ಲಿ ನಾಮಕರಣವಿತ್ತು. ಎರಡು ದಿನ ಇದ್ದು ಬರುತ್ತೇನೆ ಎಂದು ಬೆಳಿಗ್ಗೆಯ ಬಸ್ಸಿಗೆ ಹೋದಳು. ಹೋಗುವಾಗ, “ಇವತ್ತು ಹುರೀಬೇಡ್ರಿ, ನಾ ಬಂದ್ಮೇಲೆ ಹುರಿದ್ರಾಯ್ತು,” ಎಂದಳು.

“ಸಾವ್ಕಾರ್ರ ಮನೇದು ಅಲ್ವಾ, ಇವತ್ತೇ ಕೊಡ್ಬೇಕು,” ಎಂದ ರೇವಣ್ಣ.

ಪರಮೇಶ್ವರಪ್ಪನವರು ವಿಜಯದಶಮಿ ದಿನ ತೋಟದ ಆಳುಗಳ ಲೈನಿನ ನಲವತ್ತೆಂಟು ಮನೆಗಳಿಗೂ ಕಾಲು ಕೆಜಿ ಪುಡಿ ಹಂಚುವುದು ವಾಡಿಕೆ. ತಮ್ಮ ತೋಟದ ಬೀಜವನ್ನೇ ಕಳಿಸಿ, ರೇವಣ್ಣನ ಕೈಯಲ್ಲಿ ಹುರಿಸುತ್ತಿದ್ದರು. ಸುಕನ್ಯಾ ಏನೋ ಹೇಳಲು ಬಾಯಿ ತೆರೆದಳು, ಬಸ್ಸಿನವನು ಹಾರನ್ ಮಾಡಿದ, ಹತ್ತಿದಳು.

ರೇವಣ್ಣ ಡ್ರಮ್ಮು ಹಚ್ಚಿ ಪ್ಲೇಯರಿನ ಗುಂಡಿ ಒತ್ತಿದ. ಸಿ.ಡಿ. ಯಾವಾಗಲೂ ಅದರೊಳಗೇ ಇರುತ್ತಿತ್ತು. ಪೆಟ್ರೋಲ್ ಬಂಕು ಬಂತು, ಮೋರಿ ಬಂತು. ಆಮೇಲೆ ಮುಂದುಗಡೆ ಗಿರಾಕಿಗಳು ಬಂದರು, ಹಬ್ಬದ ಜನ. ಪುಡಿ ಮಿಷನ್ನು ಹಾಕಿ ಇಬ್ಬರಿಗೆ ಕಟ್ಟಿಕೊಟ್ಟು, ಚಿಕೋರಿ ಎಷ್ಟಿರಬೇಕು ಎಂಬ ಮೂರನೆಯವರ ಪ್ರಶ್ನೆಗೆ ಉತ್ತರ ಹೇಳಿ, ಮಿಷನ್ನು ನಿಲ್ಲಿಸಿದರೆ ಒಳಗೆ ಬಣಕಲ್ ಕೇಳಿಸುತ್ತಿತ್ತು. ಓಡಿದ. ಡ್ರಮ್ಮಿನ ಪುಟ್ಟ ಕಿಂಡಿಯಲ್ಲಿ ಬೀಜ ಇನ್ನೂ ತಿಳಿ ಬಣ್ಣದಲ್ಲೇ ಇದ್ದಂತೆ ಕಂಡಿತು. ಕಣ್ಣು ಬೇಡ ಎಂದಿತು, ಕಿವಿ ಎಳೆ ಎಂದಿತು. ನಾಲ್ಕು ವರ್ಷ ಕಾಪಾಡಿದ್ದು ಕಿವಿ ತಾನೇ, ಎಳೆದ. ಮಜ್ಜಿಗೆ ಬರಲಿಲ್ಲ ಎನ್ನುವುದು ಮನಸ್ಸಿಗೆ ಬಂತು, ಅವಳು ಊರಲ್ಲಿಲ್ಲವಲ್ಲ ಎಂದುಕೊಂಡ. ಮಧ್ಯಾಹ್ನದೊಳಗೆ ನಲವತ್ತೆಂಟು ಪೊಟ್ಟಣ ತೋಟದ ಹೊಸ ಜೀಪು ಹತ್ತಿದವು.

ಮೂರನೇ ದಿನ ಬೆಳಿಗ್ಗೆ ಪರಮೇಶ್ವರಪ್ಪನವರು ತಾವೇ ಬಂದರು. ಎಂಬತ್ತರ ಹತ್ತಿರದ ಮನುಷ್ಯ, ಕೋಲು ಊರಿಕೊಂಡು ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತರು.

“ಲೈನಿನವ್ರು ಒಬ್ರೂ ಏನೂ ಅನ್ಲಿಲ್ಲ ರೇವಣ್ಣ. ಚೆನ್ನಾಗಿತ್ತು ಅಂತ್ಲೂ ಅನ್ಲಿಲ್ಲ. ಪ್ರತಿ ವರ್ಷ ರಂಗಮ್ಮ ಬಂದು ಪುಡಿ ಘಮ್ ಅಂತಿತ್ತು ಅಯ್ಯಾ ಅಂತಿದ್ಲು, ಈ ಸಲ ನನ್ನ ಕಂಡು ಆ ಕಡೆಯಿಂದ ಹೋದ್ಲು. ಆಮೇಲೆ ನಾನೇ ಮಾಡಿಸ್ಕೊಂಡು ಕುಡ್ದೆ. ಒಣಹುಲ್ಲು ಬೇಯ್ಸಿದ ನೀರು ಇದ್ದಂಗಿತ್ತು ಮಾರಾಯ.”

ಜೇಬಿನಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿ ಅವನ ಮುಂದೆ ಹಿಡಿದರು. ರೇವಣ್ಣ ಮೂಸಿದ. ಅಭ್ಯಾಸಬಲ, ತಲೆ ಆಡಿಸಿದ. ಆಮೇಲೆ ತಡವರಿಸಿ, “ಸ್ವಲ್ಪ ಹಸಿ ಇದೆ ಸಾವ್ಕಾರ್ರೇ,” ಎಂದ.

ಪರಮೇಶ್ವರಪ್ಪನವರು ಅವನನ್ನೇ ನೋಡಿದರು. “ಸ್ವಲ್ಪ ಅಲ್ಲ. ನಾಳೆ ಬೇರೆ ಬೀಜ ಕಳಿಸ್ತೀನಿ, ಇನ್ನೊಂದ್ಸಲ ಹುರಿ. ನಾನು ಬಂದು ಇಲ್ಲೇ ಕೂತಿರ್ತೀನಿ.”

ಅವರು ಹೋದ ಮೇಲೆ ರೇವಣ್ಣ ಬಾಗಿಲು ಅರ್ಧ ಎಳೆದು, ಡ್ರಮ್ಮು ಹಚ್ಚದೆ ಸಿ.ಡಿ. ಹಾಕಿ ಕೂತ. ಮೂರನೇ ಹಾಡಿನವರೆಗೆ ಸರಿಯಾಗಿತ್ತು. ನಾಲ್ಕನೆಯದರ ಮಧ್ಯೆ ಟಿಕ್ ಟಿಕ್ ಎಂದು ತೊದಲಿ, ಒಂದೇ ನೆಗೆತಕ್ಕೆ ಬಣಕಲ್ಲಿಗೆ ಹೋಗಿ ಇಳಿಯಿತು. ಹೊರಗೆ ತೆಗೆದು ತಿರುಗಿಸಿ ನೋಡಿದ. ಹೊಳೆಯುವ ಬದಿಯಲ್ಲಿ ಮೂರು ಬೆರಳಿನ ವಿಭೂತಿ ಪಟ್ಟೆ, ನಡುವೆ ಕುಂಕುಮದ ಬೊಟ್ಟು, ಒಣಗಿ ಅಂಟಿಕೊಂಡಿತ್ತು.

ಸಂಜೆ ಬಸ್ಸಿಗೆ ಸುಕನ್ಯಾ ಬಂದಳು. ಅವಳು ಚೀಲ ಇಳಿಸುವ ಮೊದಲೇ ರೇವಣ್ಣ ಸಿ.ಡಿ.ಯನ್ನು ಅವಳ ಮುಂದೆ ಹಿಡಿದ.

“ಇದ್ಕೆ ಯಾರು ಮಾರಾಯ್ತಿ ಪೂಜೆ ಮಾಡು ಅಂದಿದ್ದು?”

“ಎಲ್ಲದಕ್ಕೂ ಮಾಡಿದ್ನಲ್ಲ.”

“ಅದ್ಕೆ ಹಚ್ಚೋದಾದ್ರೆ ಹೆಸ್ರು ಬರ್ದಿರೋ ಕಡೆ ಹಚ್ಬಾರ್ದಿತ್ತಾ?”

“ಅಕ್ಷರದ ಮೇಲೆ ಹೆಂಗೆ ಹಚ್ಲಿ? ಅಳ್ಸಿ ಹೋದ್ರೆ? ಖಾಲಿ ಇರೋ ಕಡೆ ಹಚ್ಚಿದೆ.”

“ಹಾಡಿನ ಸಿ.ಡಿ.ಗೆ ಯಾರಾದ್ರೂ ಆಯುಧಪೂಜೆ ಮಾಡ್ತಾರಾ?”

ಸುಕನ್ಯಾ ಚೀಲ ಕೆಳಗಿಟ್ಟಳು. “ಟೀವಿಗೆ ಮಾಡಿದ್ನಾ? ಆ ಕಪಾಟಲ್ಲಿರೋ ಇನ್ನೆರಡಕ್ಕೆ ಮಾಡಿದ್ನಾ?” ಎಂದು ಕೇಳಿದಳು. “ಇದು ಆಯುಧ ಅಂತ್ಲೇ ಮಾಡಿದ್ದು. ಇದ್ರಿಂದ ತಾನೇ ನೀವು ಹುರಿಯೋದು.”

ರೇವಣ್ಣನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅಕ್ಕಿ ಡಬ್ಬದ ಮೇಲೆ ಕೂತ.

“ಯಾವಾಗಿಂದ ಗೊತ್ತು?”

“ಜ್ವರ ಬಿಟ್ಟ ವಾರ. ಹಾಲು ಸೀದು ಮನೆಯೆಲ್ಲ ಹೊಗೆವಾಸ್ನೆ, ನೀವು ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ.”

“ಹೇಳ್ಲಿಲ್ಲ.”

“ನೀವು ಹೇಳಿದ್ರಾ?”

ರೇವಣ್ಣ ಸಿ.ಡಿ.ಯನ್ನು ತೊಡೆಯ ಮೇಲಿಟ್ಟುಕೊಂಡ. ಆದರೂ ಗಂಡಸು, ಒಂದು ಎಳೆ ಉಳಿದಿತ್ತು, ಅದನ್ನು ಹಿಡಿದುಕೊಂಡ. “ಏನೇ ಆಗ್ಲಿ, ನಾಲ್ಕು ವರ್ಷ ಆ ಹಾಡು ಒಂದ್ಸಲನೂ ತಪ್ಪಿಸ್ಲಿಲ್ಲ. ನೀನು ವಿಭೂತಿ ಹಚ್ಚದೇ ಇದ್ದಿದ್ರೆ ಈಗ್ಲೂ ತಪ್ತಿರ್ಲಿಲ್ಲ.”

“ತಪ್ಪಿಸ್ಲಿಲ್ವಾ?” ಸುಕನ್ಯಾಗೆ ನಗು ಬಂತು. “ಹೋದ ಆಷಾಢದಲ್ಲಿ ಗ್ಯಾಸಿನ ಉರಿ ಜಾಸ್ತಿ ಆಗಿತ್ತು, ಐದನೇ ಹಾಡಿಗೇ ಹದ ಬಂದಿತ್ತು. ಹೊಸ ಬೀಜ ಬಂದಾಗ್ಲೆಲ್ಲ ಹಿಂದೆಮುಂದೆ ಆಗ್ತಿತ್ತು. ಮಜ್ಜಿಗೆ ತಂದು ಕೊಡ್ತಿದ್ದೆ, ಇಸ್ಕೊಳ್ಳೋಕೆ ತಿರುಗಿದೋರು ಹಿಡಿ ಎಳೀತಿದ್ರಿ. ಹದ ಬಂದಿದ್ದು ವಾಸ್ನೇಲೇ ಅಡುಗೆಮನೆಗೆ ಗೊತ್ತಾಗುತ್ತಲ್ರೀ. ಎಲ್ಲ ಸಲನೂ ಏಳನೇ ಹಾಡಿಗೇ ಬಂದೆ ಅಂದ್ಕೊಂಡ್ರಾ?”

ರೇವಣ್ಣ ನೆನಪು ಮಾಡಿಕೊಂಡ. ಮಜ್ಜಿಗೆ ಬಂದಾಗ, ಓ, ಬಣಕಲ್ ಬಂತು ಎಂದು ಎಳೆದ ದಿನಗಳಿದ್ದವು. ಆಗ ಬಣಕಲ್ ನಿಜವಾಗಿ ಬಂದಿತ್ತೇ ಎಂದು ಅವನು ನೋಡಿರಲಿಲ್ಲ.

“ಆ ಹಾಡು ನಿಂಗೆ ಇಷ್ಟ ಅಂದ್ಕೊಂಡಿದ್ದೆ,” ಎಂದ.

“ಅಯ್ಯ, ಆ ಪೀಪಿ ಕೇಳಿದ್ರೆ ನಂಗೆ ತಲೆನೋವು,” ಎಂದು ಸುಕನ್ಯಾ ಸೀರೆ ಬದಲಾಯಿಸಲು ಒಳಗೆ ಹೋದಳು.

ಅವನಿಗೆ ನಾಚಿಕೆಯಾಯಿತು, ಹಗುರವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಎಂದು ಹೇಳುವುದು ಕಷ್ಟ. ಹತ್ತಿಬಟ್ಟೆ ಒದ್ದೆ ಮಾಡಿಕೊಂಡು ಸಿ.ಡಿ.ಯ ವಿಭೂತಿಯನ್ನು ಒರೆಸುತ್ತಾ ಬಹಳ ಹೊತ್ತು ಅಲ್ಲೇ ಕೂತಿದ್ದ.

ಮರುದಿನ ಬೆಳಿಗ್ಗೆ ಪರಮೇಶ್ವರಪ್ಪನವರು ಹೇಳಿದಂತೆಯೇ ಬಂದು ಹುರಿಯುವ ಕೋಣೆಯಲ್ಲಿ ಮೂಟೆಯ ಮೇಲೆ ಕೂತರು. ರೇವಣ್ಣ ಬೀಜ ಹಾಕಿ ಡ್ರಮ್ಮು ಹಚ್ಚಿದ. ಪ್ಲೇಯರ್ ಮುಟ್ಟಲಿಲ್ಲ.

“ಹಾಡು ಎಲ್ಲಿ?” ಎಂದರು ಅವರು.

“ಇವತ್ತು ಬೇಡ ಸಾವ್ಕಾರ್ರೇ.” ರೇವಣ್ಣ ಅಡುಗೆಕೋಣೆಯ ಬಾಗಿಲು ತೆರೆದು ಸುಕನ್ಯಾಳನ್ನು ಕರೆದ. ಅವಳು ಕೈ ಒರೆಸಿಕೊಂಡು ಬಂದು, ದೊಡ್ಡವರ ಎದುರು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತಳು. “ಅಲ್ಲಲ್ಲ, ಇಲ್ಲಿ ಬಾ, ಡ್ರಮ್ಮಿನ ಹತ್ರ,” ಎಂದ ಅವನು. ಆಮೇಲೆ ಪರಮೇಶ್ವರಪ್ಪನವರ ಕಡೆಗೆ ತಿರುಗಿ, ಜೀಪು ಓಡಿಸುವಾಗ ರಸ್ತೆಯಲ್ಲಿ ಮರ ಬಿದ್ದಿದೆ ಎಂದು ಹೇಳುತ್ತಿದ್ದ ಅದೇ ದನಿಯಲ್ಲಿ, “ನಂಗೆ ಮೂಗಿಲ್ಲ ಸಾವ್ಕಾರ್ರೇ. ಕೊರೋನಾದಲ್ಲಿ ಹೋಯ್ತು. ನಾಲ್ಕು ವರ್ಷದಿಂದ ಹಾಡು ಎಣಿಸಿ ಹುರೀತಿದ್ದೆ. ಅಂದ್ರೆ, ಹಾಗಂತ ನಾನು ತಿಳ್ಕೊಂಡಿದ್ದೆ. ಮೂಗು ಇವಳದ್ದು,” ಎಂದ.

ಪರಮೇಶ್ವರಪ್ಪನವರು ಕೋಲಿನ ಮೇಲೆ ಎರಡೂ ಕೈ ಊರಿ ಮುಂದಕ್ಕೆ ಬಾಗಿದರು. ಮೂವರೂ ಡ್ರಮ್ಮು ತಿರುಗುವುದನ್ನು ನೋಡುತ್ತಾ ಇದ್ದರು. ಬೀಜ ಸಿಡಿಯಲು ಶುರುವಾಯಿತು, ನಿಂತಿತು. ಸುಕನ್ಯಾ ಸೆರಗು ಬಾಯಿಗೆ ಹಿಡಿದಿದ್ದವಳು ಅದನ್ನು ತೆಗೆದು, ಡ್ರಮ್ಮಿನ ಕಡೆಗೆ ಒಂದು ಹೆಜ್ಜೆ ಇಟ್ಟು, ಇನ್ನೂ ಸ್ವಲ್ಪ ತಡೆದು, “ಈಗ,” ಎಂದಳು.

ರೇವಣ್ಣ ಎಳೆದ. ಬೀಜ ತಣ್ಣಗಾದ ಮೇಲೆ ಮುಷ್ಟಿ ಎತ್ತಲಿಲ್ಲ. ಪರಮೇಶ್ವರಪ್ಪನವರೇ ನಾಲ್ಕು ಬೀಜ ತೆಗೆದು, ಮೂಸಿ, ಒಂದನ್ನು ಕಡಿದರು.

“ಇದು ಸರಿ. ಹೋದ ವರ್ಷದ್ದಕ್ಕಿಂತ್ಲೂ ಒಂದು ಕೈ ಮೇಲು,” ಎಂದರು. “ಇನ್ನು ಮುಂದೆ ಇವ್ರೇ ಹುರೀಲಿ. ನೀನು ಮಜ್ಜಿಗೆ ತಂದ್ಕೊಡು.” ಮಜ್ಜಿಗೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದರು. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪುಡಿ ಮಾಡಿ ಪೊಟ್ಟಣ ಕಟ್ಟುವುದರೊಳಗೆ ಹತ್ತೂವರೆ ಆಯಿತು. ಗ್ಯಾಸು ಆರಿತ್ತು, ಮಿಷನ್ನು ನಿಂತಿತ್ತು. ಜೀಪು ಬರುವುದಿನ್ನೂ ತಡವಿತ್ತು. ಪರಮೇಶ್ವರಪ್ಪನವರು ಕೋಲಿನ ತುದಿಯಿಂದ ಪ್ಲೇಯರ್ ತೋರಿಸಿ, “ಈಗಾದ್ರೂ ಹಾಕು,” ಎಂದರು. ರೇವಣ್ಣ ಹಾಕಿದ. ಇದ್ದ ಮೂಟೆಗಳ ಮೇಲೆ ಮೂವರೂ ಕೂತರು. ತಲೆನೋವು ಎಂದಿದ್ದವಳು ಎದ್ದು ಹೋಗಲಿಲ್ಲ. ಬ್ಯಾಂಡಿನವರು ಈ ಸಾಲಿನಿಂದ ಕೇಳುತ್ತಿದ್ದರು, ಆ ಸಾಲಿನಿಂದ ಉತ್ತರ ಬರುತ್ತಿತ್ತು. ಅವರ ಹಿಂದೆ ಯಾರೋ ಒಬ್ಬ ಇಷ್ಟು ಹೊತ್ತೂ ವಾದ್ಯದ ಚರ್ಮದ ಮೇಲೆ ಪೊರಕೆಯಿಂದ ಗುಡಿಸಿದ ಹಾಗೆ ಮೆಲ್ಲಗೆ ತಾಳ ಹಾಕುತ್ತಿದ್ದ. ಇಷ್ಟು ವರ್ಷ ಕೇಳಿದರೂ ಅವನೊಬ್ಬ ಅಲ್ಲಿದ್ದಾನೆ ಎಂದು ರೇವಣ್ಣನಿಗೆ ಗೊತ್ತಾಗಿರಲಿಲ್ಲ. ಅವನು ಇಲ್ಲದಿದ್ದರೆ ಉಳಿದವರೆಲ್ಲ ಬಿದ್ದುಹೋಗುತ್ತಿದ್ದರು ಎಂದು ಈಗ ಸ್ಪಷ್ಟವಾಗಿ ಕೇಳುತ್ತಿತ್ತು.

ಒಂದು ಹಾಡು ಮುಗಿದು ಇನ್ನೊಂದು ನಿಧಾನವಾಗಿ ಶುರುವಾಯಿತು. ಪರಮೇಶ್ವರಪ್ಪನವರ ಪಾದ ಚಪ್ಪಲಿಯೊಳಗೇ ಒಂದು ಎರಡು ಮೂರು ಎನ್ನುತ್ತಿತ್ತು.

“ಇದು ಎಷ್ಟನೇದು ರೀ?” ಎಂದಳು ಸುಕನ್ಯಾ.

“ಗೊತ್ತಿಲ್ಲ,” ಎಂದ ರೇವಣ್ಣ. “ಎಣಿಸ್ಲಿಲ್ಲ.”